ತೊಡೆ ಮುರಿದವರ ಲೆಕ್ಕ

ನಮ್ಮ ಮುಧೋಳ ತಾಲ್ಲೂಕಿನ ಬೆಳಗಲಿಗೆ ರನ್ನ ಬೆಳಗಲಿ ಎಂಬ ಹೆಸರು ಬಂದದ್ದು ಕವಿ ರನ್ನನಿಂದ. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದವನು. ತಂದೆ ಜಿನವಲ್ಲಭ, ತಾಯಿ ಅಬ್ಬಲಬ್ಬೆ. ಇಲ್ಲಿಂದ ಹೊರಟು ಶ್ರವಣಬೆಳಗೊಳದಲ್ಲಿ ಓದಿ, ಕೊನೆಗೆ ಚಾಲುಕ್ಯ ದೊರೆಗಳ ಆಸ್ಥಾನದಲ್ಲಿ ಕವಿಚಕ್ರವರ್ತಿ ಆದ. ಅವನ ‘ಗದಾಯುದ್ಧ’ದ ಕಥೆ ನಮ್ಮ ಊರುಗಳಲ್ಲಿ ಓದು ಬಾರದವರಿಗೂ ಗೊತ್ತು. ದುರ್ಯೋಧನ ಕೊಳದಲ್ಲಿ ಅಡಗುತ್ತಾನೆ, ಭೀಮ ಕೂಗಿ ಹೊರಗೆ ಕರೆಯುತ್ತಾನೆ, ಗದೆಯಿಂದ ಹೊಡೆದು ತೊಡೆ ಮುರಿಯುತ್ತಾನೆ. ಅಲ್ಲಿಗೆ ಯುದ್ಧ ಮುಗಿಯಿತು.

ಸಾಲಿಯಲ್ಲಿದ್ದಾಗ ನನಗೊಂದು ಸಂಶಯ ಇತ್ತು. ತಲೆ ಒಡೆದಿಲ್ಲ, ಎದೆಗೆ ಬಾಣ ನಟ್ಟಿಲ್ಲ. ಬರೀ ತೊಡೆ ಮುರಿದರೆ ಅಷ್ಟು ದೊಡ್ಡ ವೀರ ಯಾಕೆ ಸಾಯಬೇಕು? ಇವತ್ತು ಕಬ್ಬಿನ ಸೀಜನ್‌ನಲ್ಲಿ ಟ್ರ್ಯಾಕ್ಟರ್‌ನಿಂದ ಬಿದ್ದು ತೊಡೆ ಮುರಿದುಕೊಂಡ ಹುಡುಗ ರಾಡ್ ಹಾಕಿಸಿಕೊಂಡು ಕೆಲವೇ ತಿಂಗಳಲ್ಲಿ ಮತ್ತೆ ನಡೆದಾಡುತ್ತಾನಲ್ಲ?

ಉತ್ತರ ತೊಡೆಯ ಒಳಗೇ ಇದೆ. ತೊಡೆಯ ಎಲುಬು ನಮ್ಮ ಮೈಯಲ್ಲಿ ಎಲ್ಲಕ್ಕಿಂತ ಉದ್ದದ, ಗಟ್ಟಿಯಾದ ಎಲುಬು. ಅದು ಮುರಿದಾಗ ಹೊರಗೆ ಒಂದು ಹನಿ ರಕ್ತ ಕಾಣದಿದ್ದರೂ ಒಳಗೆ ಮಾಂಸದ ನಡುವೆ ಒಂದು ಲೀಟರ್, ಕೆಲವೊಮ್ಮೆ ಒಂದೂವರೆ ಲೀಟರ್ ರಕ್ತ ಸೋರಬಹುದು. ದೊಡ್ಡವರ ಮೈಯಲ್ಲಿ ಇರುವುದೇ ಸುಮಾರು ಐದು ಲೀಟರ್. ಎರಡೂ ತೊಡೆ ಮುರಿದರೆ ಅರ್ಧ ಲೆಕ್ಕ ಅಲ್ಲೇ ಹೋಯಿತು. ಮುರಿದ ತುದಿಗಳು ಅಲುಗಾಡಿದಷ್ಟೂ ಸೋರುವುದು ಹೆಚ್ಚು, ನೋವು ಹೆಚ್ಚು. ಹೀಗಾಗಿ ರನ್ನನ ಕಾಲದಲ್ಲಿ ತೊಡೆ ಮುರಿದವನು ನೆಲ ಹಿಡಿದರೆ ಮೇಲೇಳುವುದು ಕಷ್ಟವಿತ್ತು. ಅಂದಿನಿಂದ ಇಂದಿನವರೆಗೆ ಏನು ಬದಲಾಯಿತು ಎಂಬುದೇ ಈ ಬರಹ.

ಎಲುಬು ತಾನೇ ಕೂಡುತ್ತದೆ

ಮೊದಲು ಒಂದು ಮಾತು ತಿಳಿದಿರಲಿ. ಮುರಿದ ಎಲುಬನ್ನು ಯಾವ ವೈದ್ಯನೂ ಕೂಡಿಸುವುದಿಲ್ಲ. ಅದು ತಾನೇ ಕೂಡುತ್ತದೆ. ಮುರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕೆಲವು ವಾರಗಳಲ್ಲಿ ಅಲ್ಲಿ ಮೆತ್ತನೆಯ ಗಂಟು ಬೆಳೆಯುತ್ತದೆ, ಆ ಗಂಟಿಗೆ ಸುಣ್ಣದ ಅಂಶ ಸೇರಿ ಗಟ್ಟಿ ಎಲುಬಾಗುತ್ತದೆ. ನಾಯಿಗೂ ದನಕ್ಕೂ ಹೀಗೆಯೇ ಆಗುತ್ತದೆ. ಆದರೆ ಸೊಟ್ಟ ಇಟ್ಟರೆ ಸೊಟ್ಟಗೇ ಕೂಡುತ್ತದೆ. ಅಲುಗಾಡುತ್ತಿದ್ದರೆ ಕೂಡದೆಯೂ ಉಳಿಯಬಹುದು. ಬಿಗಿಯಾಗಿ ಕಟ್ಟಿ ರಕ್ತದ ಓಡಾಟ ನಿಂತರೆ ಎಲುಬಿನ ಮಾತು ಬಿಡಿ, ಕೈಕಾಲೇ ಹೋಗುತ್ತದೆ. ಸರಿಯಾಗಿ ಇಡು, ಅಲುಗದಂತೆ ಹಿಡಿ, ರಕ್ತ ನಿಲ್ಲಿಸಬೇಡ. ಎಲುಬಿನ ವೈದ್ಯದ ಇತಿಹಾಸದಲ್ಲಿ ಹೆಚ್ಚಿನದೆಲ್ಲ ಈ ಮೂರು ಕೆಲಸ ಮಾಡುವುದನ್ನು ಕಲಿತ ಕಥೆ.

ಈ ಮೂರೂ ನಮ್ಮ ದೇಶದಲ್ಲಿ ಬಹಳ ಹಿಂದೆಯೇ ಗೊತ್ತಿದ್ದವು. ಸುಶ್ರುತ ಸಂಹಿತೆಯಲ್ಲಿ ಎಲುಬು ಮುರಿಯುವುದರಲ್ಲಿ ಹನ್ನೆರಡು ಬಗೆ, ಕೀಲು ತಪ್ಪುವುದರಲ್ಲಿ ಆರು ಬಗೆ ಎಂದು ಬೇರೆ ಬೇರೆ ಮಾಡಿ ಹೇಳಿದೆ. ಆಲ, ಅರಳಿ, ಅತ್ತಿ, ಮುತ್ತುಗದಂಥ ಮರಗಳ ತೊಗಟೆಯನ್ನೂ ಬಿದಿರನ್ನೂ ದಬ್ಬೆಯಾಗಿ ಇಟ್ಟು ಕಟ್ಟಬೇಕು ಎಂದಿದೆ. ತೊಡೆ, ಮೊಣಕಾಲ ಕೆಳಗಿನ ಎಲುಬು ಮುರಿದವರನ್ನು ಹಲಗೆಯ ಮೇಲೆ ಮಲಗಿಸಿ, ಕಾಲಿನ ಎರಡೂ ಪಕ್ಕಕ್ಕೆ ಎರಡೆರಡು, ಅಂಗಾಲಿಗೆ ಒಂದು, ಹೀಗೆ ಐದು ಗೂಟ ಹೊಡೆದು ಕಾಲು ಅಲುಗದಂತೆ ಮಾಡುವ ವಿಧಾನವೂ ಅಲ್ಲಿದೆ. ಅದಕ್ಕೆ ಕಪಾಟಶಯನ ಎಂದು ಹೆಸರು.

ಇನ್ನೂ ಮುಖ್ಯವಾದ ಮಾತು ಕಟ್ಟಿನದು. ಕಟ್ಟು ಸಡಿಲಾದರೆ ಎಲುಬು ನಿಲ್ಲುವುದಿಲ್ಲ, ಬಿಗಿಯಾದರೆ ಬಾವು ಬಂದು ನೋವಾಗಿ ಕೀವು ತುಂಬುತ್ತದೆ, ಆದ್ದರಿಂದ ಹದವಾಗಿ ಕಟ್ಟಬೇಕು ಎಂದು ಸುಶ್ರುತ ಹೇಳುತ್ತಾನೆ. ಚಳಿಗಾಲದಲ್ಲಿ ಏಳು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಮೂರು ದಿನಕ್ಕೊಮ್ಮೆ, ನಡುವಿನ ಕಾಲದಲ್ಲಿ ಐದು ದಿನಕ್ಕೊಮ್ಮೆ ಕಟ್ಟು ಬಿಚ್ಚಿ ನೋಡಬೇಕು. ಚಿಕ್ಕವರಿಗೆ ಒಂದು ತಿಂಗಳು, ನಡುವಯಸ್ಸಿನವರಿಗೆ ಎರಡು, ಮುದುಕರಿಗೆ ಮೂರು ತಿಂಗಳು ಬೇಕು ಎಂಬ ಲೆಕ್ಕವೂ ಇದೆ. ಮಕ್ಕಳ ಎಲುಬು ಬೇಗ ಕೂಡುತ್ತದೆ ಎಂಬುದನ್ನು ಇವತ್ತಿನ ವೈದ್ಯರೂ ಒಪ್ಪುತ್ತಾರೆ.

ನಮ್ಮ ಕಟ್ಟು, ನಮ್ಮ ವಸ್ತಾದ

ಈ ವಿದ್ಯೆ ಪುಸ್ತಕದಲ್ಲಿ ಮಾತ್ರ ಇರಲಿಲ್ಲ. ಊರೂರಲ್ಲಿ ಎಲುಬು ಕಟ್ಟುವವರಿದ್ದರು, ಈಗಲೂ ಇದ್ದಾರೆ. ಬಿದಿರ ದಬ್ಬೆ, ಅರಿವೆ, ತತ್ತಿಯ ಬಿಳಿಲೋಳೆ, ಅರೆದ ಮಂಗರವಳ್ಳಿ. ಬೇಲಿಯ ಮೇಲೆ ಹಬ್ಬುವ, ನಾಲ್ಕು ಮೂಲೆಯ ಗೆಣ್ಣು ಗೆಣ್ಣಿನ ಆ ಬಳ್ಳಿಯನ್ನು ಕೆಲವರು ಸಂದುಬಳ್ಳಿ ಎಂದೂ ಕರೆಯುತ್ತಾರೆ. ಮುಧೋಳ, ಜಮಖಂಡಿ ಕಡೆ ಕುಸ್ತಿಯ ನಾಡು. ಗರಡಿಮನೆಯಲ್ಲಿ ಹುಡುಗನ ಭುಜ ತಪ್ಪಿದರೆ ವಸ್ತಾದರೇ ಎಳೆದು ಕೂಡಿಸುತ್ತಿದ್ದರು. ಕೈಯ ಅನುಭವದಿಂದ ಬಂದ ಈ ತಿಳಿವಳಿಕೆಯನ್ನು ಸುಳ್ಳು ಎನ್ನುವಂತಿಲ್ಲ. ಮುಂಗೈಯ ಎಲುಬು ಸಣ್ಣಗೆ ಬಿರುಕು ಬಿಟ್ಟು, ಜಾಗ ಬಿಡದಿದ್ದರೆ ದಬ್ಬೆ ಕಟ್ಟಿದರೂ ಕೂಡುತ್ತದೆ.

ತೊಂದರೆ ಬೇರೆ ಕಡೆ ಇದೆ. ಗುಣವಾದವನು ಊರಿಗೆಲ್ಲ ಹೇಳುತ್ತಾನೆ. ಗುಣವಾಗದವನು ಮನೆಯಲ್ಲಿ ಕೂರುತ್ತಾನೆ. ಕಟ್ಟುವವರ ಬಳಿ ನೂರು ಜನ ಬಂದರೆ ಎಷ್ಟು ಜನರ ಕೈ ನೆಟ್ಟಗಾಯಿತು, ಎಷ್ಟು ಜನರದ್ದು ಸೊಟ್ಟವಾಯಿತು ಎಂದು ಬರೆದಿಟ್ಟವರಿಲ್ಲ. ಬರೆದಿಡದ ವಿದ್ಯೆ ತನ್ನ ತಪ್ಪಿನಿಂದ ಕಲಿಯುವುದಿಲ್ಲ. ಸುಶ್ರುತ ಎಚ್ಚರಿಸಿದ ಬಿಗಿ ಕಟ್ಟಿನಿಂದಲೇ ಇವತ್ತಿಗೂ ಮಕ್ಕಳ ಬೆರಳು ಕಪ್ಪಾಗಿ ದವಾಖಾನೆಗೆ ಬರುತ್ತವೆ. ಮೊಣಕೈ ಹತ್ತಿರ ಮುರಿದಾಗ ರಕ್ತದ ಓಡಾಟ ನಿಂತು ಕೈಬೆರಳು ಕೊಕ್ಕೆಯಂತೆ ಮುದುಡಿ ನಿಲ್ಲುವುದನ್ನು 1881ರಲ್ಲಿ ಜರ್ಮನಿಯ ರಿಚರ್ಡ್ ಫಾನ್ ಫೋಕ್‌ಮನ್ ವಿವರಿಸಿ ಬರೆದ. ಬಿಗಿ ಕಟ್ಟೇ ಅದಕ್ಕೆ ಕಾರಣ ಎಂದು ಅವನು ಹೇಳಿದ. ಆ ತೊಂದರೆಯನ್ನು ವೈದ್ಯರು ಈಗಲೂ ಅವನ ಹೆಸರಿನಿಂದಲೇ ಕರೆಯುತ್ತಾರೆ.

ಎಲುಬು ಕಟ್ಟುವವನ ಮಗ

ಎಲುಬು ಕಟ್ಟುವವರು ನಮ್ಮಲ್ಲಷ್ಟೇ ಇದ್ದರು ಎಂದುಕೊಳ್ಳಬೇಡಿ. ಇಂಗ್ಲೆಂಡಿನ ಲಿವರ್‌ಪೂಲ್ ಊರಲ್ಲಿ ಇವಾನ್ ಥಾಮಸ್ ಎಂಬುವನಿದ್ದ. ವೇಲ್ಸ್ ಕಡೆಯವನು, ಮನೆತನದ ಕಸುಬೇ ಎಲುಬು ಕಟ್ಟುವುದು. ಓದಿದ ಡಾಕ್ಟರರು ಅವನನ್ನು ಕಂಡರೆ ಆಗದವರು, ಕೋರ್ಟಿಗೂ ಎಳೆದರು. ಅವನು ತನ್ನ ಮಕ್ಕಳನ್ನು ವೈದ್ಯ ಓದಲು ಕಳಿಸಿದ. ಅವರಲ್ಲಿ ಒಬ್ಬ ಹ್ಯೂ ಓವನ್ ಥಾಮಸ್. ಅಪ್ಪನ ಕೈಗುಣ, ಕಾಲೇಜಿನ ಓದು ಎರಡೂ ಸೇರಿದವು. ಕಾಲನ್ನು ಉದ್ದಕ್ಕೆ ಎಳೆದು ಅಲುಗದಂತೆ ಹಿಡಿಯುವ ಕಬ್ಬಿಣದ ಸಲಾಕೆಯ ಚೌಕಟ್ಟು ಮಾಡಿದ. ತೊಡೆಯ ಬುಡಕ್ಕೆ ಒಂದು ಬಳೆ, ಅದರಿಂದ ಪಾದದವರೆಗೆ ಎರಡು ಸಲಾಕೆ. ಅದಕ್ಕೇ ಥಾಮಸ್ ಸ್ಪ್ಲಿಂಟ್ ಎನ್ನುತ್ತಾರೆ. ನಮ್ಮ ಸರಕಾರಿ ದವಾಖಾನೆಗಳಲ್ಲೂ ನೀವು ನೋಡಿರಬಹುದು. 1891ರಲ್ಲಿ ಅವನು ತೀರಿಕೊಂಡಾಗ ಅದಕ್ಕೆ ದೊಡ್ಡ ಮಾನ್ಯತೆ ಇರಲಿಲ್ಲ.

ಮಾನ್ಯತೆ ಬಂದದ್ದು ಮೊದಲ ಮಹಾಯುದ್ಧದಲ್ಲಿ. ಥಾಮಸನ ಹೆಂಡತಿಯ ಕಡೆಯ ಸಂಬಂಧಿ ರಾಬರ್ಟ್ ಜೋನ್ಸ್ ಅವನ ಬಳಿಯೇ ಕೆಲಸ ಕಲಿತಿದ್ದ. ಯುದ್ಧದ ಮೊದಲ ವರ್ಷಗಳಲ್ಲಿ ಗುಂಡು ತಗುಲಿ ತೊಡೆ ಮುರಿದ ಸೈನಿಕರಲ್ಲಿ ಹತ್ತಕ್ಕೆ ಎಂಟು ಜನ ಸಾಯುತ್ತಿದ್ದರು ಎಂದು ಆಗಿನ ಸೇನಾ ವೈದ್ಯರ ಲೆಕ್ಕ. ಬಿದ್ದ ಜಾಗದಲ್ಲೇ, ಸಾಗಿಸುವ ಮೊದಲೇ, ಥಾಮಸ್ ಸ್ಪ್ಲಿಂಟ್ ಹಾಕುವ ಪದ್ಧತಿ ಬಂತು. 1918ರ ಹೊತ್ತಿಗೆ ಸಾಯುವವರು ಹತ್ತಕ್ಕೆ ಇಬ್ಬರಿಗೆ ಇಳಿದರು ಎಂದು ಜೋನ್ಸ್ ಬರೆದ. ಹೊಸ ಔಷಧವಿಲ್ಲ, ಪೆನಿಸಿಲಿನ್ ಇನ್ನೂ ಸಿಕ್ಕಿರಲಿಲ್ಲ. ಕಾಲನ್ನು ಅಲುಗದಂತೆ ಹಿಡಿದದ್ದು, ಅದನ್ನು ಬೇಗ ಮಾಡಿದ್ದು, ಮಾಡಿದ್ದನ್ನು ಲೆಕ್ಕ ಇಟ್ಟದ್ದು ಇಷ್ಟೇ. ಲೆಕ್ಕ ಇಡದಿದ್ದರೆ ಒಂದು ಸಲಾಕೆಯ ಚೌಕಟ್ಟಿಗೆ ಇಷ್ಟು ಶಕ್ತಿ ಇದೆ ಎಂದು ಯಾರೂ ನಂಬುತ್ತಿರಲಿಲ್ಲ.

ಜಿಪ್ಸಂ, ಫೋಟೋ, ರಾಡ್

ಪ್ಲಾಸ್ಟರ್ ಹಾಕುವುದು ಶುರುವಾದದ್ದು ಇದಕ್ಕಿಂತ ಮೊದಲು. 1852ರಲ್ಲಿ ಹಾಲೆಂಡಿನ ಸೇನಾ ವೈದ್ಯ ಆಂಟೋನಿಯಸ್ ಮಥೈಸನ್ ಬಟ್ಟೆಯ ಪಟ್ಟಿಗೆ ಒಣ ಪುಡಿ ಸವರಿಟ್ಟು, ನೀರಲ್ಲಿ ಅದ್ದಿ ಸುತ್ತುವ ಉಪಾಯ ಪ್ರಕಟಿಸಿದ. ಆ ಪುಡಿ ಬೇರೇನಲ್ಲ, ನಾವು ಸವಳು ಜಮೀನಿಗೆ ಹಾಕುವ ಜಿಪ್ಸಂ. ಅದನ್ನು ಹುರಿದರೆ ಒಳಗಿನ ನೀರು ಹೋಗಿ ಪುಡಿಯಾಗುತ್ತದೆ. ಮತ್ತೆ ನೀರು ಸೇರಿಸಿದರೆ ಬಿಸಿಯಾಗುತ್ತ ಕಲ್ಲಿನಂತೆ ಗಟ್ಟಿಯಾಗುತ್ತದೆ. ಪ್ಲಾಸ್ಟರ್ ಹಾಕುವಾಗ ಕೈ ಬೆಚ್ಚಗಾಗುವುದು ಅದಕ್ಕೇ.

ಆದರೆ ಒಳಗೆ ಎಲುಬು ಹೇಗಿದೆ ಎಂದು ನೋಡುವ ಕಣ್ಣು ಇರಲಿಲ್ಲ. 1814ರಲ್ಲಿ ಐರ್ಲೆಂಡಿನ ಅಬ್ರಹಾಂ ಕಾಲೆಸ್ ಮಣಿಕಟ್ಟಿನ ಹತ್ತಿರದ ಮುರಿತವನ್ನು ಬರೀ ಕೈಯಿಂದ ಮುಟ್ಟಿ ತಿಳಿದು ವಿವರಿಸಿದ. ಅಂಗೈ ಊರಿ ಬಿದ್ದ ಮುದುಕಿಯರ ಕೈ ಊಟದ ಚಮಚವನ್ನು ಮಗುಚಿಟ್ಟಂತೆ ಸೊಟ್ಟಗಾಗುವುದು ಇದೇ. 1895ರ ನವೆಂಬರ್ 8ರಂದು ಜರ್ಮನಿಯಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ ಮೇಲೆ ಊಹೆಯ ಕಾಲ ಮುಗಿಯಿತು. ಕಟ್ಟುವ ಮೊದಲು ಒಂದು ಫೋಟೋ, ಕಟ್ಟಿದ ಮೇಲೆ ಒಂದು ಫೋಟೋ. ತಪ್ಪಿದ್ದರೆ ಎಲ್ಲರಿಗೂ ಕಾಣುತ್ತದೆ.

ನಮ್ಮವರು ರಾಡ್ ಎನ್ನುವುದು ಬಂದದ್ದು 1939ರಲ್ಲಿ. ಜರ್ಮನಿಯ ಕೀಲ್ ಊರಿನ ಗೆರ್ಹಾರ್ಡ್ ಕುಂಟ್‌ಶರ್ ಟೊಳ್ಳಾದ ತೊಡೆ ಎಲುಬಿನ ಒಳಗೇ ಉಕ್ಕಿನ ಮೊಳೆ ಇಳಿಸಿದ. ಎರಡನೇ ಮಹಾಯುದ್ಧ ನಡೆದಿತ್ತು. ಜರ್ಮನಿಯಲ್ಲಿ ಸೆರೆಯಾಗಿದ್ದು ಬಿಡುಗಡೆಯಾಗಿ ಬಂದ ಸೈನಿಕರ ಎಕ್ಸ್‌ರೇ ತೆಗೆದಾಗ ತೊಡೆಯೊಳಗೆ ಉದ್ದದ ಕಬ್ಬಿಣ ಕಂಡು ಉಳಿದ ದೇಶಗಳ ವೈದ್ಯರು ಬೆರಗಾದರು. ತಿಂಗಳುಗಟ್ಟಲೆ ಹಾಸಿಗೆಯಲ್ಲಿ ತೂಕ ಕಟ್ಟಿಕೊಂಡು ಮಲಗುವುದು ಅಲ್ಲಿಂದ ಮುಂದೆ ಕಡಿಮೆಯಾಗುತ್ತ ಬಂತು. ಸುತ್ತಲೂ ಬಳೆ, ನಡುವೆ ತಂತಿ ಹಾಕಿ ಎಲುಬನ್ನು ನಿಧಾನಕ್ಕೆ ಬೆಳೆಸುವ ‘ರಿಂಗ್’ 1950ರ ದಶಕದಲ್ಲಿ ಸೈಬೀರಿಯಾದ ಇಲಿಜರೋವ್ ರೂಪಿಸಿದ್ದು.

ನಮ್ಮ ಕಡೆಯವರು ಎಲ್ಲಿಗೆ ಹೋದರು

1948ರವರೆಗೆ ಮುಧೋಳ ಘೋರ್ಪಡೆಯವರ ಸಂಸ್ಥಾನ, ಜಮಖಂಡಿ ಪಟವರ್ಧನರ ಸಂಸ್ಥಾನ. ದೊಡ್ಡ ಆಪರೇಷನ್ ಎಂದರೆ ಈ ಭಾಗದವರಿಗೆ ನೆನಪಾಗುತ್ತಿದ್ದುದು ಮಿರಜ. ಕೆನಡಾದಿಂದ ಬಂದ ವಿಲಿಯಂ ವಾನ್ಲೆಸ್ 1894ರಲ್ಲಿ ಅಲ್ಲಿ ಮಿಷನ್ ಆಸ್ಪತ್ರೆ ತೆರೆದ. ಕುಡಚಿಯಲ್ಲಿ ರೈಲು ಹತ್ತಿದರೆ ಮಿರಜ ದೂರವಿಲ್ಲ. ಎಲುಬಿನ ತೊಂದರೆಗೆ ಮಿರಜ, ಸಾಂಗಲಿಗೆ ಹೋಗುವ ರೂಢಿ ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ.

ಆಮೇಲೆ ಕಾಲೇಜುಗಳು ಹತ್ತಿರ ಬಂದವು. 1957ರಲ್ಲಿ ಹುಬ್ಬಳ್ಳಿಯ ಕರ್ನಾಟಕ ಮೆಡಿಕಲ್ ಕಾಲೇಜು, 1963ರಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರೂ ಮೆಡಿಕಲ್ ಕಾಲೇಜು, 1986ರಲ್ಲಿ ವಿಜಯಪುರದ ಬಿಎಲ್‌ಡಿಇ, 2002ರಲ್ಲಿ ಬಾಗಲಕೋಟೆಯಲ್ಲೇ ಬಿ.ವಿ.ವಿ. ಸಂಘದ ಎಸ್. ನಿಜಲಿಂಗಪ್ಪ ಮೆಡಿಕಲ್ ಕಾಲೇಜು. 2008ರ ನವೆಂಬರ್ 1ರಿಂದ 108 ಆಂಬುಲೆನ್ಸ್ ಓಡಾಡತೊಡಗಿತು. ಒಂದು ಕಾಲಕ್ಕೆ ಚಕ್ಕಡಿಯಲ್ಲಿ ಕುಲುಕಾಡಿಕೊಂಡು ಹೋಗುತ್ತಿದ್ದ ಮುರಿದ ಕಾಲು ಈಗ ಕೆಲವೇ ತಾಸಿನಲ್ಲಿ ಎಲುಬಿನ ಡಾಕ್ಟರರ ಮುಂದೆ ಇರುತ್ತದೆ.

ಕಾಲೇಜು ಬಂದದ್ದರಿಂದ ಇನ್ನೊಂದು ಕೆಲಸವಾಯಿತು. ಅದು ನಮಗೆ ಕಾಣುವುದಿಲ್ಲ.

ದಪ್ಪ ಪುಸ್ತಕದಲ್ಲಿ ನಮ್ಮವರು

ಎಲುಬಿನ ವೈದ್ಯದಲ್ಲಿ ಎಂ.ಎಸ್. ಓದುವ ಪ್ರತಿ ಡಾಕ್ಟರ್ ಒಂದು ಪ್ರಬಂಧ ಬರೆಯಲೇಬೇಕು. 1996ರಲ್ಲಿ ಶುರುವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕೆಳಗೆ ಇಂಥ ಪ್ರಬಂಧಗಳು ಸಾಲು ಸಾಲಾಗಿ ಬಂದಿವೆ. ತೊಡೆ ಎಲುಬಿಗೆ ರಾಡ್ ಹಾಕಿದವರ ಅಧ್ಯಯನ, ಮಣಿಕಟ್ಟಿಗೆ ಪ್ಲೇಟ್ ಹಾಕಿದವರ ಅಧ್ಯಯನ, ಮೊಣಕಾಲ ಕೀಲಿನ ಪೆಟ್ಟಿನ ಅಧ್ಯಯನ. ಅದಕ್ಕೆ ಕ್ಲಿನಿಕಲ್ ಸ್ಟಡಿ ಎನ್ನುತ್ತಾರೆ.

ಅದರಲ್ಲಿ ಏನಿರುತ್ತದೆ? ರೋಗಿಯ ವಯಸ್ಸು, ಗಂಡೋ ಹೆಣ್ಣೋ, ಹೇಗೆ ಪೆಟ್ಟಾಯಿತು, ಯಾವ ಎಲುಬು, ಎಷ್ಟು ತಾಸಿನ ಮೇಲೆ ಬಂದರು, ಗಾಯ ತೆರೆದಿತ್ತೋ ಇಲ್ಲವೋ, ಏನು ಮಾಡಿದರು. ಆಮೇಲೆ ಆರು ವಾರಕ್ಕೆ, ಮೂರು ತಿಂಗಳಿಗೆ, ಆರು ತಿಂಗಳಿಗೆ ಮತ್ತೆ ಕರೆದು ನೋಡುತ್ತಾರೆ. ಎಲುಬು ಕೂಡಿತೇ? ಮೊಣಕಾಲು ಎಷ್ಟು ಮಡಚುತ್ತದೆ? ಕೆಳಗೆ ಕೂರಲು ಬರುತ್ತದೆಯೇ? ಹೆಸರು ಇರುವುದಿಲ್ಲ, ನಂಬರ್ ಮಾತ್ರ. ರೋಗಿಯ ಒಪ್ಪಿಗೆಯ ಸಹಿ ಬೇಕು.

ಇಂಥ ಲೆಕ್ಕದಿಂದ ಏನು ಸಿಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಎಲುಬು ಚರ್ಮ ಸೀಳಿ ಹೊರಬಂದ ಗಾಯಗಳ ಬಗ್ಗೆ 1976ರಲ್ಲಿ ಅಮೆರಿಕದ ಗುಸ್ಟಿಲೊ ಮತ್ತು ಆಂಡರ್ಸನ್ ಒಂದು ಅಧ್ಯಯನ ಪ್ರಕಟಿಸಿದರು. 1025 ಮುರಿತಗಳ ಲೆಕ್ಕ. ತೀರಾ ಕೆಟ್ಟ ಗಾಯಗಳಲ್ಲಿ ಮೊದಲು ನೂರಕ್ಕೆ 44ರಲ್ಲಿ ಕೀವು ಆಗುತ್ತಿತ್ತು. ಗಾಯವನ್ನು ಚೆನ್ನಾಗಿ ತೊಳೆದು, ಸತ್ತ ಮಾಂಸ ತೆಗೆದು, ಬೇಗ ಆಂಟಿಬಯೋಟಿಕ್ ಕೊಟ್ಟು, ದೊಡ್ಡ ಗಾಯಕ್ಕೆ ಅವಸರದಲ್ಲಿ ಹೊಲಿಗೆ ಹಾಕದೆ ಬಿಟ್ಟಾಗ ಅದು ನೂರಕ್ಕೆ 9ಕ್ಕೆ ಇಳಿಯಿತು. ಇವತ್ತು ಕಬ್ಬಿನ ಟ್ರೇಲರ್ ಕೆಳಗೆ ಸಿಕ್ಕ ಕಾಲಿಗೆ ಡಾಕ್ಟರ್ ತಕ್ಷಣ ಹೊಲಿಗೆ ಹಾಕದೆ ತೊಳೆಯುತ್ತ ಕೂತರೆ ನಮ್ಮವರು ಗದ್ದಲ ಮಾಡುತ್ತಾರೆ. ಅದರ ಹಿಂದೆ ಸಾವಿರ ಮುರಿತಗಳ ಲೆಕ್ಕ ಇದೆ.

ತಿರುಗಿ ಬರದವರು

ಪ್ರತಿ ಅಧ್ಯಯನವೂ ಒಂದು ಗುಂಪಿನ ಬಗ್ಗೆ ಹೇಳಲೇಬೇಕಾಗುತ್ತದೆ: ತಿರುಗಿ ಬರದವರು. ಆಪರೇಷನ್ ಆಯಿತು, ಹೊಲಿಗೆ ಬಿಚ್ಚಿದರು, ನೋವು ಕಡಿಮೆಯಾಯಿತು. ಊರಿಂದ ಹೋಗಲು ಎರಡು ಬಸ್ ಬದಲಿಸಬೇಕು, ಜೊತೆಗೆ ಒಬ್ಬರ ಕೂಲಿ ಹೋಗುತ್ತದೆ, ಕಬ್ಬು ಕಡಿಯುವ ಕಾಲ ಬೇರೆ. ನಾವು ಹೋಗುವುದಿಲ್ಲ. ನಮ್ಮ ಮೊಣಕಾಲು ಮಡಚುತ್ತದೋ ಇಲ್ಲವೋ ಎಂಬುದು ಆ ಪುಸ್ತಕಕ್ಕೆ ಗೊತ್ತಾಗುವುದಿಲ್ಲ.

ನನ್ನ ಆಯಿ ಅಂಗಳದಲ್ಲಿ ಜಾರಿ ಬಿದ್ದಾಗ ಎದ್ದು ನಿಲ್ಲಲು ಆಗಲಿಲ್ಲ. ಬಿದ್ದ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿತ್ತು. ತೊಡೆ ಎಲುಬು ಸೊಂಟಕ್ಕೆ ಕೂಡುವ ಕುತ್ತಿಗೆಯಲ್ಲಿ ಮುರಿದಾಗ ಹೀಗಾಗುತ್ತದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ‘ವಯಸ್ಸಾದಾಕಿ, ಯಾಕ ಕೊಯ್ಸೂದು, ಮಲಗಲಿ’ ಅಂದರು ಮನೆಯವರು. ಮಲಗಿಸಿದೆವು. ಬೆನ್ನಿಗೆ ಹುಣ್ಣಾಯಿತು, ಎದೆಯಲ್ಲಿ ಕಫ ಕಟ್ಟಿತು. ಮೂರು ತಿಂಗಳು ಇರಲಿಲ್ಲ. ಈ ಮುರಿತದಲ್ಲಿ ಜೀವ ತೆಗೆಯುವುದು ಹೆಚ್ಚಾಗಿ ಹಾಸಿಗೆ. ಆದ್ದರಿಂದಲೇ ಮುದುಕರಿಗೆ ಆದಷ್ಟು ಬೇಗ ಆಪರೇಷನ್ ಮಾಡಿ ಎಬ್ಬಿಸಿ ಕೂರಿಸಬೇಕು ಎಂಬುದನ್ನು ಇಂಥ ಅಧ್ಯಯನಗಳೇ ತೋರಿಸಿಕೊಟ್ಟವು. ಆಯಿ ಯಾವ ದವಾಖಾನೆಗೂ ಹೋಗಲಿಲ್ಲ, ಹೀಗಾಗಿ ಯಾವ ಲೆಕ್ಕದಲ್ಲೂ ಇಲ್ಲ.

ಈ ಇತಿಹಾಸದಿಂದ ಮನೆಗೆ ಒಯ್ಯಬೇಕಾದದ್ದು ಇಷ್ಟು. ಯಾರಾದರೂ ಬಿದ್ದು ಕಾಲು ಮುರಿದಿದೆ ಅನ್ನಿಸಿದರೆ ಎತ್ತಿ ಕೂರಿಸಲು ಹೋಗಬೇಡಿ. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದಂತೆ ಹಲಗೆಯೋ ಬಿದಿರೋ ಇಟ್ಟು ಮೆತ್ತಗೆ ಕಟ್ಟಿ. ಥಾಮಸನ ಸಲಾಕೆ ಮಾಡಿದ್ದೂ ಇದನ್ನೇ. ಗಾಯವಿದ್ದರೆ ಶುದ್ಧ ಅರಿವೆ ಮುಚ್ಚಿ, ಅರಿಶಿನ, ಮಣ್ಣು, ಕಾಫಿಪುಡಿ ಬೇಡ. 108ಕ್ಕೆ ಫೋನ್ ಮಾಡಿ. ಪ್ಲಾಸ್ಟರ್ ಇರಲಿ, ದಬ್ಬೆ ಇರಲಿ, ಕಟ್ಟಿದ ಮೇಲೆ ಬೆರಳು ತಣ್ಣಗಾದರೆ, ನೀಲಿಯಾದರೆ, ಜೋಮು ಹಿಡಿದರೆ, ನೋವು ತಾಸಿನಿಂದ ತಾಸಿಗೆ ಏರಿದರೆ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಹೊರಡಿ. ದುಡ್ಡಿನ ಚಿಂತೆ ಇದ್ದರೆ 2018ರಿಂದ ಇರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದ ಬಗ್ಗೆ ದವಾಖಾನೆಯಲ್ಲಿ ಕೇಳಿ, ರೇಷನ್ ಕಾರ್ಡ್ ಜೊತೆಗೆ ಒಯ್ಯಿರಿ.

ಇನ್ನು ಡಾಕ್ಟರ್ ‘ಆರು ವಾರ ಬಿಟ್ಟು ಬರ್ರಿ’ ಅಂದರೆ ಹೋಗಿ. ನೋವಿಲ್ಲದಿದ್ದರೂ ಹೋಗಿ, ಫೈಲು, ಎಕ್ಸ್‌ರೇ ಎರಡೂ ಹಿಡಿದುಕೊಂಡು ಹೋಗಿ. ಗುಣವಾಗದಿದ್ದರಂತೂ ಹೋಗಲೇಬೇಕು. ಮುಂದಿನ ಸೀಜನ್‌ಗೆ ಬಿದ್ದು ಬರುವ ಹುಡುಗನಿಗೆ ಯಾವ ರಾಡ್ ಹಾಕಬೇಕು ಎಂದು ಡಾಕ್ಟರರು ಕಲಿಯುವುದು ನಿಮ್ಮ ಆ ಮೊಣಕಾಲಿನಿಂದಲೇ.